ಹಳೆಯ ಕಾರು ಕೊಳ್ಳುವ ಮುನ್ನ: ಗಟ್ಟಿತನ ಅಳೆಯುವ ಕ್ರಮ

ಎಂಟು-ಹತ್ತು ವರ್ಷ ದಾಟಿದ ಕಾರಿನ ಗಟ್ಟಿತನವನ್ನು ನಿರ್ಧರಿಸುವ ಸಂಗತಿಗಳು ಮೂರು: ಆ ಮಾದರಿಯ ಮೂಲ ಗುಣ, ಅದು ಓಡಾಡಿದ ಊರು ಮತ್ತು ರಸ್ತೆ, ಹಿಂದಿನ ಮಾಲೀಕರು ಮಾಡಿಸಿದ ಆರೈಕೆ. ಇವುಗಳಲ್ಲಿ ಮೂರನೆಯದಕ್ಕೆ ತೂಕ ಹೆಚ್ಚು. ಹೊತ್ತಿಗೆ ಸರಿಯಾಗಿ ಎಂಜಿನ್ ಆಯಿಲ್, ಕೂಲೆಂಟ್, ಬೆಲ್ಟ್ ಬದಲಿಸಿಕೊಂಡು ಬಂದ ಹನ್ನೆರಡು ವರ್ಷದ ಕಾರು, ಸರ್ವಿಸ್ ಮುಖವನ್ನೇ ಕಾಣದ ಆರು ವರ್ಷದ ಕಾರಿಗಿಂತ ಹೆಚ್ಚು ಬಾಳಿಕೆ ಬರಬಲ್ಲದು.

ಆದರೆ ಆರೈಕೆ ಕಣ್ಣಿಗೆ ನೇರವಾಗಿ ಬೀಳುವುದಿಲ್ಲ. ಪಾಲಿಶ್ ಹೊಡೆದ ಮೈ, ಹೊಸ ಸೀಟ್ ಕವರ್, ತೊಳೆದು ಮಿನುಗಿಸಿದ ಎಂಜಿನ್ ಎಲ್ಲವೂ ಒಂದು ದಿನದ ಕೆಲಸ. ಹಾಗಾಗಿ ದಾಖಲೆ ಹೇಳುವ ಕಥೆ, ಕಾರಿನ ಮೈ ಹೇಳುವ ಕಥೆ, ಎಂಜಿನ್ ಹೇಳುವ ಕಥೆ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದೇ ಇಡೀ ಪರೀಕ್ಷೆಯ ತಿರುಳು. ಎಲ್ಲಿ ತಾಳೆ ತಪ್ಪುತ್ತದೋ ಅಲ್ಲಿ ಕಾರಣ ಕೇಳಬೇಕು. ಒಪ್ಪುವಂಥ ಕಾರಣ ಸಿಗದಿದ್ದರೆ ಆ ಕಾರನ್ನು ಬಿಟ್ಟು ಮುಂದಿನದನ್ನು ನೋಡಬೇಕು.

ಮಾದರಿ ಮತ್ತು ಬಿಡಿಭಾಗ

ಹಳೆಯ ಕಾರಿಗೆ ರಿಪೇರಿ ತಪ್ಪಿದ್ದಲ್ಲ. ಆ ರಿಪೇರಿ ಹತ್ತಿರದ ಊರಿನಲ್ಲಿ, ಕೈಗೆಟಕುವ ಖರ್ಚಿನಲ್ಲಿ ಆಗುತ್ತದೆಯೇ ಎಂಬುದನ್ನು ಕಾರು ನೋಡಲು ಹೊರಡುವ ಮೊದಲೇ ತಿಳಿದುಕೊಳ್ಳಬೇಕು. ಆಲ್ಟೊ, ವ್ಯಾಗನ್ ಆರ್, ಸ್ವಿಫ್ಟ್, ಐ10, ಇನ್ನೋವಾದಂಥ ಮಾದರಿಗಳು ದೊಡ್ಡ ಸಂಖ್ಯೆಯಲ್ಲಿ ರಸ್ತೆಯ ಮೇಲಿವೆ. ಅವುಗಳ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಲೋವರ್ ಆರ್ಮ್ ಸಣ್ಣ ಪಟ್ಟಣಗಳಲ್ಲೂ ಸಿಗುತ್ತವೆ, ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳೂ ಇದ್ದಾರೆ. ಮಾರುಕಟ್ಟೆಯಿಂದ ಹಿಂದೆ ಸರಿದ ಕಂಪನಿಗಳ ಕಾರುಗಳ ಮಾತು ಬೇರೆ. ಷೆವರ್ಲೆ ಕಾರುಗಳ ಮಾರಾಟ ಭಾರತದಲ್ಲಿ 2017ರಲ್ಲಿ ನಿಂತಿತು. ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿತು. ಡಾಟ್ಸನ್ 2022ರಲ್ಲಿ ಮುಗಿಯಿತು. ಇಂಥ ಕಾರುಗಳು ಬೆಲೆಗೆ ಹೋಲಿಸಿದರೆ ಒಳ್ಳೆಯವೇ ಇರಬಹುದು. ಆದರೆ ಒಂದು ಹೆಡ್‌ಲೈಟ್ ಅಥವಾ ಬಾಗಿಲಿನ ಗಾಜು ಒಡೆದರೆ ಬದಲಿ ಸಿಗಲು ವಾರಗಟ್ಟಲೆ ಕಾಯಬೇಕಾದೀತು.

ಎಂಜಿನ್ ಒಂದು ಕಂಪನಿಯದು, ಮೈ ಇನ್ನೊಂದು ಕಂಪನಿಯದು ಎಂಬ ಸ್ಥಿತಿಯೂ ಇದೆ. ಫಿಯಟ್‌ನ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಲಿನಿಯಾಗಳಲ್ಲೆಲ್ಲ ಇತ್ತು. ಹೀಗಾಗಿ ಹಳೆಯ ಲಿನಿಯಾದ ಎಂಜಿನ್ ರಿಪೇರಿ ಕಷ್ಟವಲ್ಲ, ಅದರ ಬಂಪರ್ ಹುಡುಕುವುದು ಕಷ್ಟ. ಮಾರುತಿ ಸುಜುಕಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರು ಮಾರುವುದನ್ನು ನಿಲ್ಲಿಸಿದ್ದರೂ ಬಿಡಿಭಾಗಗಳಿಗೆ ಬರ ಬಂದಿಲ್ಲ.

ಪೆಟ್ರೋಲೋ ಡೀಸೆಲೋ ಎಂಬುದನ್ನು ಓಡಾಟದ ಲೆಕ್ಕದಿಂದ ತೀರ್ಮಾನಿಸಬೇಕು. ಹಳೆಯ ಡೀಸೆಲ್ ಕಾರಿನಲ್ಲಿ ಇಂಜೆಕ್ಟರ್, ಹೈ ಪ್ರೆಷರ್ ಪಂಪ್, ಟರ್ಬೊ ಈ ಮೂರರಲ್ಲಿ ಒಂದು ಕೈಕೊಟ್ಟರೂ, ಮೈಲೇಜ್‌ನಿಂದ ಒಂದೆರಡು ವರ್ಷ ಉಳಿಸಿದ ಹಣ ಒಂದೇ ಬಿಲ್ಲಿನಲ್ಲಿ ಹೋಗಿಬಿಡಬಹುದು. ದಿನವೂ ದೂರ ಓಡುವವರಿಗೆ ಮಾತ್ರ ಅದು ಲಾಭ. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್-6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಬರೀ ಪೇಟೆಯೊಳಗೆ ಎರಡು-ಮೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹಳೆಯ ಪೆಟ್ರೋಲ್ ಕಾರಿನ ವಿಷಯದಲ್ಲಿ ನೆನಪಿಡಬೇಕಾದದ್ದು ಇಂದಿನ ಇಂಧನ. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. 2023ಕ್ಕಿಂತ ಹಿಂದಿನ ಬಹುಪಾಲು ಕಾರುಗಳು ಇದಕ್ಕೆಂದು ರೂಪುಗೊಂಡವಲ್ಲ. ಇಂಧನ ಪೈಪ್, ರಬ್ಬರ್ ಸೀಲ್‌ಗಳು ಬಿರಿದಿವೆಯೇ, ಜಿನುಗುತ್ತಿವೆಯೇ ಎಂದು ವಿಶೇಷವಾಗಿ ನೋಡಬೇಕು.

ಸಿಎನ್‌ಜಿ ಕಿಟ್ ಆಮೇಲೆ ಕೂರಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಲೇಬೇಕು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಆಗಬೇಕು, ಅದರ ಪ್ರಮಾಣಪತ್ರ ಮಾರುವವರ ಬಳಿ ಇರಬೇಕು.

ಕಿಲೋಮೀಟರ್ ಮತ್ತು ಊರು

ಸ್ವಂತ ಬಳಕೆಯ ಕಾರು ವರ್ಷಕ್ಕೆ ಸುಮಾರು ಹತ್ತು ಸಾವಿರ ಕಿ.ಮೀ. ಓಡುತ್ತದೆ ಎಂಬುದು ಒಂದು ಒರಟು ಲೆಕ್ಕ. ಹತ್ತು ವರ್ಷದ ಕಾರಿನ ಮೀಟರ್ ಮೂವತ್ತು ಸಾವಿರ ತೋರಿಸಿದರೆ ಎರಡು ಸಾಧ್ಯತೆಗಳಿವೆ: ನಿಜಕ್ಕೂ ಕಡಿಮೆ ಓಡಿದೆ, ಇಲ್ಲವೇ ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆ. ಡಿಜಿಟಲ್ ಮೀಟರ್ ಆದರೆ ತಿದ್ದಲು ಬರುವುದಿಲ್ಲ ಎಂಬ ನಂಬಿಕೆ ತಪ್ಪು. ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ಇದ್ದರೆ ಅದೂ ಕೆಲವೇ ನಿಮಿಷಗಳ ಕೆಲಸ.

ನಿಜ ತಿಳಿಯಲು ಸವೆತ ನೋಡಬೇಕು. ಮೂವತ್ತು ಸಾವಿರ ಓಡಿದ ಕಾರಿನ ಬ್ರೇಕ್, ಕ್ಲಚ್ ಪೆಡಲ್‌ಗಳ ರಬ್ಬರ್ ನುಣುಪಾಗಿ ಸವೆದಿರುವುದಿಲ್ಲ. ಸ್ಟೀರಿಂಗ್‌ನ ಮೇಲಂಚು, ಗೇರ್ ಗುಬ್ಬಿ ಹೊಳೆಯುವಷ್ಟು ಉಜ್ಜಿರುವುದಿಲ್ಲ. ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿರುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 3519 ಎಂದಿದ್ದರೆ 2019ರ 35ನೇ ವಾರ. 2016ರ ಕಾರು, ಮೀಟರ್‌ನಲ್ಲಿ ಇಪ್ಪತ್ತೈದು ಸಾವಿರ, ಆದರೆ ಟೈರ್‌ಗಳು 2019ರವು ಎಂದಾದರೆ ಮೂರೇ ವರ್ಷಕ್ಕೆ ಟೈರ್ ಏಕೆ ಬದಲಾಯಿತು ಎಂದು ಕೇಳಬೇಕು. ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದ ದಾಖಲೆ. ಪ್ರತಿ ಸರ್ವಿಸ್‌ನ ದಿನಾಂಕದ ಜೊತೆಗೆ ಅಂದಿನ ಕಿಲೋಮೀಟರ್ ಅಲ್ಲಿ ದಾಖಲಾಗಿರುತ್ತದೆ. ಮಾಲೀಕರ ಒಪ್ಪಿಗೆಯಿದ್ದರೆ ಅದನ್ನು ಪಡೆಯಬಹುದು.

ಕಡಿಮೆ ಓಡಿದ್ದು ನಿಜವೇ ಆಗಿದ್ದರೂ ಅದು ಯಾವಾಗಲೂ ಒಳ್ಳೆಯ ಸುದ್ದಿಯಲ್ಲ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ರಬ್ಬರ್ ಪೈಪ್, ಸೀಲ್, ಬುಷ್‌ಗಳು ಗಡುಸಾಗಿ ಬಿರಿಯುತ್ತವೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಇಲಿಗಳು ವೈರ್ ಕಡಿದಿರುತ್ತವೆ. ಪ್ರತಿ ವರ್ಷ ಆಯಿಲ್ ಬದಲಿಸುತ್ತ, ಹೆದ್ದಾರಿಯಲ್ಲಿ ಒಂದು ಲಕ್ಷ ಕಿ.ಮೀ. ಓಡಿದ ಕಾರು ಎಷ್ಟೋ ಸಲ ಇದಕ್ಕಿಂತ ಮೇಲು.

ಕಾರು ಇದ್ದ ಊರು ಅದರ ಮೈಯಲ್ಲಿ ಗುರುತು ಬಿಟ್ಟಿರುತ್ತದೆ. ಮಂಗಳೂರಿನ ಕೆಎ-19, ಉಡುಪಿಯ ಕೆಎ-20, ಕಾರವಾರದ ಕೆಎ-30 ನಂಬರಿನ ಕಾರಾದರೆ ಕಡಲ ಗಾಳಿಯ ಉಪ್ಪು ಮತ್ತು ದೀರ್ಘ ಮಳೆಗಾಲಕ್ಕೆ ತಳಭಾಗ ತುಕ್ಕು ಹಿಡಿದಿದೆಯೇ ಎಂದು ಮೊದಲು ನೋಡಬೇಕು. ಮಡಿಕೇರಿಯ ಕೆಎ-12 ಆದರೆ ಏರಿಳಿತದ ರಸ್ತೆಯಿಂದ ಕ್ಲಚ್ ಮತ್ತು ಬ್ರೇಕ್ ಹೆಚ್ಚು ಸವೆದಿರಬಹುದು. ಬಳ್ಳಾರಿಯ ಕೆಎ-34 ಆದರೆ ಧೂಳು ಏರ್ ಫಿಲ್ಟರನ್ನೂ ಎಸಿಯನ್ನೂ ಕಾಡಿರಬಹುದು. ಬೆಂಗಳೂರಿನ ಕಾರಿಗೆ ತುಕ್ಕು ಕಡಿಮೆ. ಆದರೆ ಟ್ರಾಫಿಕ್‌ನಲ್ಲಿ ನಿಂತು ಉರಿದ ಎಂಜಿನ್ ಗಂಟೆಗಳು ಮೀಟರ್‌ನಲ್ಲಿ ಕಾಣುವುದಿಲ್ಲ. ನಂಬರ್ ಪ್ಲೇಟ್ ಸುಳಿವು ಮಾತ್ರ, ಕಾರು ನಿಜವಾಗಿ ಎಲ್ಲಿ ಓಡಾಡಿತು ಎಂದು ಮಾಲೀಕರನ್ನೇ ಕೇಳಬೇಕು.

ದಾಖಲೆಗಳ ಪರಿಶೀಲನೆ

ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಮತ್ತು ಹದಿನೇಳು ಅಕ್ಷರ-ಅಂಕಿಗಳ ಚಾಸಿ ನಂಬರ್ ಕಾರಿನ ಮೇಲೆ ಕೊರೆದಿರುವುದಕ್ಕೆ ಒಂದೊಂದು ಅಕ್ಷರವೂ ಹೊಂದಬೇಕು. ಕೊರೆದ ಜಾಗದಲ್ಲಿ ಉಜ್ಜಿದ, ಬೆಸುಗೆ ಹಾಕಿದ ಗುರುತಿದ್ದರೆ ಮಾತುಕತೆ ಅಲ್ಲಿಗೇ ನಿಲ್ಲಬೇಕು. ತಯಾರಾದ ತಿಂಗಳು-ವರ್ಷ ಮತ್ತು ನೋಂದಣಿಯ ದಿನಾಂಕ ಬೇರೆ ಬೇರೆ ಇರಬಹುದು, ಕಾರಿನ ವಯಸ್ಸನ್ನು ತಯಾರಾದ ದಿನದಿಂದಲೇ ಎಣಿಸಬೇಕು.

ಎಷ್ಟನೇ ಮಾಲೀಕರು, ಸಾಲದ ಹೊರೆ ಇದೆಯೇ, ವಿಮೆ ಮತ್ತು ಹೊಗೆ ತಪಾಸಣೆ ಯಾವಾಗ ಮುಗಿಯುತ್ತದೆ ಎಂಬುದನ್ನು ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ನಮೂನೆ 35 ಕೈಗೆ ಬರದೆ ಹಣ ಕೊಡಬಾರದು. ಬಾಕಿ ಟ್ರಾಫಿಕ್ ದಂಡವನ್ನು ಮಾರುವವರೇ ಕಟ್ಟಬೇಕು. ಕಳವಾದ ವಾಹನವೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾಹನ್ ಸಮನ್ವಯ ಸೇವೆಯಲ್ಲಿ ಪರಿಶೀಲಿಸಬಹುದು. ಹಿಂದೆ ಹಳದಿ ಬೋರ್ಡ್‌ನಲ್ಲಿದ್ದು ಬಿಳಿ ಬೋರ್ಡ್‌ಗೆ ಬದಲಾದ ಕಾರುಗಳೂ ಮಾರಾಟಕ್ಕೆ ಬರುತ್ತವೆ. ಟ್ಯಾಕ್ಸಿಯಾಗಿ ವರ್ಷಕ್ಕೆ ಐವತ್ತು-ಅರವತ್ತು ಸಾವಿರ ಕಿ.ಮೀ. ಓಡಿದ ಕಾರಿನ ಬೆಲೆ ಅದಕ್ಕೆ ತಕ್ಕಂತೆ ಇಳಿಯಬೇಕು.

ವಿಮಾ ಪಾಲಿಸಿ ಒಂದು ಮೌನ ಸಾಕ್ಷಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಶೇ 20ರಿಂದ ಆರಂಭವಾಗಿ ಶೇ 50ರವರೆಗೆ ಏರುತ್ತದೆ. ಹಳೆಯ ಕಾರಿನ ಪೂರ್ಣ ವಿಮೆಯಲ್ಲಿ ಇದು ಸೊನ್ನೆಯಾಗಿದ್ದರೆ ಇತ್ತೀಚೆಗೆ ಕ್ಲೇಮ್ ಆಗಿರಬಹುದು ಅಥವಾ ವಿಮೆ ನಡುವೆ ಕಡಿದಿರಬಹುದು. ಎರಡಕ್ಕೂ ವಿವರಣೆ ಕೇಳಬೇಕು. ವಿಮಾ ಕಂಪನಿ ಪೂರ್ಣ ನಷ್ಟವೆಂದು ತೀರಿಸಿದ ಕಾರನ್ನು ಗುಜರಿ ಬೆಲೆಗೆ ಕೊಂಡು, ಜೋಡಿಸಿ ಮಾರುವುದೂ ಉಂಟು.

ಖಾಸಗಿ ಕಾರಿನ ನೋಂದಣಿ 15 ವರ್ಷದವರೆಗೆ ಊರ್ಜಿತ. ಆಮೇಲೆ ಆರ್‌ಟಿಒ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 15 ವರ್ಷ ಕಳೆದ ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಲಾಗಿದೆ. ಹದಿಮೂರು-ಹದಿನಾಲ್ಕು ವರ್ಷದ ಕಾರು ಕೊಳ್ಳುವವರು ಈ ಖರ್ಚನ್ನೂ, ಪರೀಕ್ಷೆ ದಾಟಲು ಬೇಕಾಗುವ ರಿಪೇರಿಯನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಮತ್ತು ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ದೆಹಲಿ ನೋಂದಣಿಯ ಡೀಸೆಲ್ ಕಾರುಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬರುತ್ತಿವೆ. ಇವಕ್ಕೆ ಮೂಲ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಇದನ್ನೆಲ್ಲ ಕೂಡಿಸಿದ ಮೇಲೆ ಅಗ್ಗದ ಕಾರು ಅಗ್ಗವಾಗಿ ಉಳಿಯದಿರಬಹುದು.

ಹೊರಮೈ: ಅಪಘಾತದ ಗುರುತು

ಕಾರನ್ನು ಹಗಲಿನಲ್ಲಿ, ಬಯಲಿನಲ್ಲಿ, ಒಣಗಿದ ಸ್ಥಿತಿಯಲ್ಲಿ ನೋಡಬೇಕು. ಮಳೆನೀರು ಅಥವಾ ರಾತ್ರಿ ದೀಪದಡಿ ಎಲ್ಲ ಬಣ್ಣವೂ ಒಂದೇ ರೀತಿ ಹೊಳೆಯುತ್ತದೆ. ಮುಂದಿನ ದೀಪದ ಬಳಿ ಕುಳಿತು ಹಿಂದಿನವರೆಗೆ ಓರೆಯಾಗಿ ಕಣ್ಣು ಹಾಯಿಸಿದರೆ ಅಲೆಯಂಥ ಉಬ್ಬುತಗ್ಗು, ಬಣ್ಣದ ಛಾಯೆಯ ವ್ಯತ್ಯಾಸ ಕಾಣುತ್ತದೆ. ಬಾಗಿಲು, ಬಾನೆಟ್, ಡಿಕ್ಕಿಗಳ ನಡುವಿನ ಸಂದು ಎರಡೂ ಬದಿ ಒಂದೇ ಅಳತೆಯಲ್ಲಿರಬೇಕು. ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ಹನಿ ಬಿದ್ದಿದ್ದರೆ ಪೇಂಟಿಂಗ್ ಆಗಿದೆ ಎಂದು ಲೆಕ್ಕ. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಕಬ್ಬಿಣದ ತಗಡಿಗೆ ಅಂಟುತ್ತದೆ, ದಪ್ಪ ಪುಟ್ಟಿ ತುಂಬಿದ ಜಾಗದಲ್ಲಿ ಜಾರುತ್ತದೆ.

ಹತ್ತು ವರ್ಷದ ಕಾರಿನ ಬಂಪರ್, ಬಾಗಿಲಿಗೆ ಬಣ್ಣ ಹೊಡೆಸಿರುವುದು ದೊಡ್ಡ ದೋಷವಲ್ಲ. ನೋಡಬೇಕಾದದ್ದು ಒಳಗಿನ ಎಲುಬು. ಬಾನೆಟ್ ಎತ್ತಿ ಎರಡೂ ಬದಿಯ ಆಪ್ರನ್, ರೇಡಿಯೇಟರ್ ಹಿಡಿದಿರುವ ಅಡ್ಡಪಟ್ಟಿ, ಬಾಗಿಲು ತೆರೆದು ಪಿಲ್ಲರ್‌ಗಳು, ಡಿಕ್ಕಿಯ ಕಾರ್ಪೆಟ್ ಸರಿಸಿ ಸ್ಟೆಪ್ನಿ ಇಡುವ ಗುಂಡಿ ಇವನ್ನು ಪರೀಕ್ಷಿಸಬೇಕು. ಕಾರ್ಖಾನೆಯ ಬೆಸುಗೆ ಸಮ ಅಂತರದ ಸಣ್ಣ ದುಂಡು ಚುಕ್ಕಿಗಳಂತಿರುತ್ತದೆ. ಅದರ ಬದಲು ಗ್ಯಾಸ್ ವೆಲ್ಡಿಂಗ್‌ನ ಒರಟು ಗೆರೆ, ಸುತ್ತಿಗೆಯ ಪೆಟ್ಟು, ಹೊಸ ಸೀಲೆಂಟ್ ಕಂಡರೆ ದೊಡ್ಡ ಅಪಘಾತವಾಗಿದೆ. ಬಾನೆಟ್ ಮತ್ತು ಫೆಂಡರ್ ಬೋಲ್ಟ್‌ಗಳ ತಲೆಯ ಬಣ್ಣ ಎದ್ದಿದ್ದರೆ ಅವನ್ನು ಬಿಚ್ಚಿದ್ದಾರೆ. ಎಲ್ಲ ಗಾಜುಗಳ ಮೇಲಿನ ತಯಾರಕರ ಗುರುತು ಮತ್ತು ವರ್ಷ ಹೊಂದದಿದ್ದರೆ ಒಂದು ಗಾಜು ಬದಲಾಗಿದೆ. ಪಿಲ್ಲರ್ ಅಥವಾ ಚಾಸಿಗೆ ಪೆಟ್ಟು ಬಿದ್ದು ನೇರ ಮಾಡಿಸಿದ ಕಾರು ಇನ್ನೊಂದು ಅಪಘಾತದಲ್ಲಿ ಒಳಗಿದ್ದವರನ್ನು ಮೊದಲಿನಂತೆ ಕಾಯಲಾರದು. ಅದನ್ನು ಯಾವ ಬೆಲೆಗೂ ಕೊಳ್ಳಬಾರದು.

ನೀರು ಮತ್ತು ತುಕ್ಕು

2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ ಮತ್ತು ಕೊಡಗು, 2019ರಲ್ಲಿ ಉತ್ತರ ಕರ್ನಾಟಕ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತ ನೆರೆಯಲ್ಲಿ ಮುಳುಗಿದ ಕಾರುಗಳು ಬಹಳ. ಅವುಗಳಲ್ಲಿ ಕೆಲವು ಒಣಗಿಸಿಕೊಂಡು ಮತ್ತೆ ಮಾರುಕಟ್ಟೆಗೆ ಬರುತ್ತವೆ. ನೀರು ಹೊಕ್ಕ ಕಾರಿನ ತೊಂದರೆ ತಕ್ಷಣ ಕಾಣದು. ತಿಂಗಳುಗಳ ನಂತರ ವೈರಿಂಗ್ ಕನೆಕ್ಟರ್‌ಗಳು ಹಸಿರುಗಟ್ಟಿ, ಸೆನ್ಸರ್‌ಗಳು ಒಂದೊಂದಾಗಿ ಸಾಯುತ್ತವೆ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಕಾರ್ಪೆಟ್ ಎತ್ತಿದಾಗ ಸಿಗುವ ಒಣ ಮಣ್ಣು, ಸೀಟಿನ ಕೆಳಗಿನ ಹಳಿ ಮತ್ತು ಬೋಲ್ಟ್‌ಗಳ ತುಕ್ಕು, ಹೆಡ್‌ಲೈಟ್ ಒಳಗಿನ ಮಂಜು, ಎಸಿ ಹಾಕಿದಾಗ ಬರುವ ಮುಗ್ಗಲು ವಾಸನೆ ಮತ್ತು ಅದನ್ನು ಮುಚ್ಚಲು ಹೊಡೆದ ಅತಿಯಾದ ಸುಗಂಧ ಇವೆಲ್ಲ ನೀರಿನ ಗುರುತುಗಳೇ.

ಬಾಗಿಲ ಅಂಚು, ಸೈಲೆನ್ಸರ್ ಮೇಲಿನ ತುಕ್ಕು ಸಹಜ. ಬಾಗಿಲ ಕೆಳಗಿನ ಉದ್ದ ಪಟ್ಟಿ, ನೆಲದ ತಗಡು, ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಹಿಂದಿನ ಆಕ್ಸಲ್‌ನ ಕೂಡುಗಳಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಪುಡಿಯುದುರುವಂಥ ತುಕ್ಕಿದ್ದರೆ ಕಾರು ಬೇಡ. ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅದರಡಿ ಏನಿದೆ ಎಂದು ಇನ್ನೂ ಎಚ್ಚರದಿಂದ ನೋಡಬೇಕು.

ಎಂಜಿನ್

ಎಂಜಿನ್ ಪರೀಕ್ಷೆ ತಣ್ಣಗಿರುವಾಗಲೇ ಆರಂಭವಾಗಬೇಕು. ಮಾರುವವರಿಗೆ ಮೊದಲೇ ಸ್ಟಾರ್ಟ್ ಮಾಡದಿರುವಂತೆ ಹೇಳಿ, ಹೋದೊಡನೆ ಬಾನೆಟ್ ಮುಟ್ಟಿ ನೋಡಬೇಕು. ಬಿಸಿಯಾಗಿದ್ದರೆ ಬೆಳಗಿನ ಮೊದಲ ಸ್ಟಾರ್ಟ್‌ನ ಲಕ್ಷಣ ಮರೆಯಾಗಿದೆ ಎಂದೇ ತಿಳಿದು ಇನ್ನೊಂದು ದಿನ ಬರಬೇಕು.

ಸ್ಟಾರ್ಟ್ ಮಾಡುವ ಮೊದಲು ಡಿಪ್ ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಬೇಕು. ಡೀಸೆಲ್ ಎಂಜಿನ್ನಿನ ಆಯಿಲ್ ಬೇಗ ಕಪ್ಪಾಗುವುದು ಸಹಜ. ಪೆಟ್ರೋಲ್ ಎಂಜಿನ್ನಿನಲ್ಲಿ ಟಾರಿನಂತೆ ಗಟ್ಟಿಯಾಗಿದ್ದರೆ ಆರೈಕೆ ಇಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲುಕೆನೆಯಂಥ ಪದಾರ್ಥ ದಪ್ಪಗೆ ಕೂತಿದ್ದರೆ ನೀರು ಆಯಿಲ್‌ಗೆ ಸೇರುತ್ತಿರುವ, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಕೂಲೆಂಟ್ ತೊಟ್ಟಿಯಲ್ಲಿ ಬಣ್ಣದ ಕೂಲೆಂಟ್ ಇರಬೇಕು. ಕಂದು ತುಕ್ಕುನೀರಿದ್ದರೆ ಬರೀ ನಲ್ಲಿ ನೀರು ಹಾಕಿ ಓಡಿಸಿದ್ದಾರೆ. ಅಂಥ ಕಾರಿನ ರೇಡಿಯೇಟರ್ ಮತ್ತು ವಾಟರ್ ಪಂಪ್ ಕೆಡುವ ದಿನ ದೂರವಿಲ್ಲ. ಬಿಸಿಯಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದೂ ತೆರೆಯಬಾರದು.

ಸ್ಟಾರ್ಟ್ ಮಾಡಿದಾಗ ಒಬ್ಬರು ಸೈಲೆನ್ಸರ್ ಬಳಿ ನಿಂತಿರಬೇಕು. ಹೊಗೆಯ ಬಣ್ಣ ಒಳಗಿನ ಸ್ಥಿತಿ ಹೇಳುತ್ತದೆ. ಮೊದಲ ಸ್ಟಾರ್ಟ್‌ನಲ್ಲಿ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಹಳತಾಗಿದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದು ಆಯಿಲ್ ಉರಿಯುತ್ತಿದೆ, ಎಂಜಿನ್ ಬಿಚ್ಚುವ ಖರ್ಚು ಕಾದಿದೆ. ಚಳಿಯ ಬೆಳಿಗ್ಗೆ ತುಸು ಬಿಳಿ ಆವಿ ಬಂದು ಹೋಗುವುದು ದೋಷವಲ್ಲ. ಬಿಸಿಯಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬಂದರೆ ಕೂಲೆಂಟ್ ಉರಿಯುತ್ತಿದೆ. ಡೀಸೆಲ್ ಕಾರಿನ ಕಪ್ಪು ಹೊಗೆ ಏರ್ ಫಿಲ್ಟರ್‌ನಿಂದ ಹಿಡಿದು ಇಂಜೆಕ್ಟರ್, ಟರ್ಬೊವರೆಗೆ ಯಾವುದರತ್ತಲಾದರೂ ಬೊಟ್ಟು ಮಾಡಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಸಡಿಲಿಸಿದರೆ ಬುಸುಬುಸು ಹೊಗೆ ಒತ್ತಿಕೊಂಡು ಬಂದಲ್ಲಿ ಕಂಪ್ರೆಷನ್ ಸೋರುತ್ತಿದೆ.

ಎಸಿ ಹಾಕಿ ಹದಿನೈದು-ಇಪ್ಪತ್ತು ನಿಮಿಷ ನಿಂತಲ್ಲೇ ಓಡಲು ಬಿಡಬೇಕು. ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ನಿಲ್ಲಬೇಕು, ಉಷ್ಣತೆಯ ಮುಳ್ಳು ನಡುವೆಯೇ ನಿಂತಿರಬೇಕು.

ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಾದರೆ ಅದನ್ನು ಯಾವಾಗ ಬದಲಿಸಿದ್ದಾರೆ ಎಂಬುದಕ್ಕೆ ಬಿಲ್ ಬೇಕು. ಓಡುವಾಗ ಬೆಲ್ಟ್ ತುಂಡಾದರೆ ಹೆಚ್ಚಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಇಡೀ ಎಂಜಿನ್ ಹಾಳಾಗುತ್ತದೆ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಭಾವಿಸಿ ಆ ಖರ್ಚು ಬೆಲೆಯಲ್ಲಿ ಕಳೆಯಬೇಕು. ಚೈನ್ ಇರುವ ಎಂಜಿನ್ನಿನಲ್ಲಿ ತಣ್ಣನೆಯ ಸ್ಟಾರ್ಟ್‌ನಲ್ಲಿ ಗಲಗಲ ಸದ್ದು ಬಂದು ನಿಲ್ಲದಿದ್ದರೆ ಚೈನ್ ಸಡಿಲವಾಗಿದೆ.

ಓಡಿಸಿ ನೋಡುವುದು

ಬೀದಿಯ ತುದಿಯವರೆಗೆ ಹೋಗಿ ಬಂದರೆ ಪರೀಕ್ಷೆಯಾಗದು. ಟ್ರಾಫಿಕ್, ಏರು, ಹಳ್ಳ ಬಿದ್ದ ರಸ್ತೆ, ನೇರ ಹೆದ್ದಾರಿ ನಾಲ್ಕೂ ಸೇರುವಂತೆ ಅರ್ಧ ಗಂಟೆಯಾದರೂ ಓಡಿಸಬೇಕು. ಹಾಡು ಹಾಕಬಾರದು, ಎಸಿಯನ್ನು ಸ್ವಲ್ಪ ಹೊತ್ತು ಆರಿಸಿ ಕಿಟಕಿ ಇಳಿಸಿ ಕಿವಿಗೊಡಬೇಕು.

ಏರಿನಲ್ಲಿ ಮೂರನೇ ಅಥವಾ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಯಾವ ಗೇರೂ ಕಿರುಗುಡಬಾರದು, ತಾನಾಗಿ ಹಾರಬಾರದು. 2014ರಲ್ಲಿ ಸೆಲೆರಿಯೊ ಮೂಲಕ ಬಂದ ಎಎಂಟಿ ಮಾದರಿಯ ಆಟೊಮ್ಯಾಟಿಕ್ ಕಾರುಗಳಲ್ಲಿ ಗೇರ್ ಬದಲಾಗುವಾಗ ತುಸು ತೂಗುವುದು ಸಹಜ, ಏರಿನಲ್ಲಿ ಗೇರ್ ಬೀಳದೆ ನಿಲ್ಲುವುದು ಸಹಜವಲ್ಲ. ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಅಥವಾ ಸಿವಿಟಿ ಇರುವ ಹಳೆಯ ಕಾರಿನಲ್ಲಿ ಗೇರ್ ಬಾಕ್ಸ್ ಆಯಿಲ್ ಬದಲಿಸಿದ ದಾಖಲೆ ಇಲ್ಲದಿದ್ದರೆ ದೂರವಿರುವುದೇ ಕ್ಷೇಮ. ಅಲ್ಲಿನ ರಿಪೇರಿ ಕಾರಿನ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ.

ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿದಾಗ ಕಟಕಟ ಎಂದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್ ಸವೆದಿದೆ. ನೇರ ರಸ್ತೆಯಲ್ಲಿ ಕಾರು ಒಂದು ಬದಿಗೆ ಎಳೆದರೆ ಅಲೈನ್‌ಮೆಂಟ್‌ನಿಂದ ಬಾಗಿದ ಚಾಸಿಯವರೆಗೆ ಕಾರಣಗಳಿರಬಹುದು. ಬ್ರೇಕ್ ಒತ್ತಿದಾಗ ಪೆಡಲ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ, ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಲೇ ಹೋದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಹಳ್ಳದಲ್ಲಿ ಬರುವ ಧಡ್ ಸದ್ದು ಬುಷ್, ಲಿಂಕ್ ರಾಡ್, ಲೋವರ್ ಆರ್ಮ್‌ಗಳ ಸವೆತ. ಇವು ಅಗ್ಗದ ಭಾಗಗಳು, ಚೌಕಾಸಿಗೆ ಕಾರಣವಾಗಬಲ್ಲವೇ ಹೊರತು ಕಾರು ಬಿಡಲು ಕಾರಣವಲ್ಲ.

ಸುರಕ್ಷತೆ ಮತ್ತು ವಿದ್ಯುತ್ ಭಾಗ

ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್ ಬ್ಯಾಗ್ ಅದೇ ವರ್ಷದ ಜುಲೈನಲ್ಲಿ. ಅದಕ್ಕಿಂತ ಹಿಂದಿನ ಬೇಸ್ ಮಾಡೆಲ್‌ಗಳಲ್ಲಿ ಎರಡೂ ಇಲ್ಲದಿರುವುದೇ ಹೆಚ್ಚು. ಒಂದೇ ಕಾರಿನ ಟಾಪ್ ಮಾಡೆಲ್ ಹತ್ತಿಪ್ಪತ್ತು ಸಾವಿರ ಹೆಚ್ಚಿಗೆ ಸಿಕ್ಕರೆ, ಕುಟುಂಬದ ಜೀವರಕ್ಷಣೆಯ ದೃಷ್ಟಿಯಿಂದ ಆ ಹಣ ಕೊಡುವುದೇ ಸರಿ.

ಕೀ ತಿರುಗಿಸಿದಾಗ ಏರ್ ಬ್ಯಾಗ್, ಎಬಿಎಸ್, ಎಂಜಿನ್ ದೀಪಗಳು ಬೆಳಗಿ, ಆಮೇಲೆ ಆರಬೇಕು. ಬೆಳಗದೇ ಇದ್ದರೂ ಅನುಮಾನ ಪಡಬೇಕು, ದೋಷ ಮುಚ್ಚಲು ಬಲ್ಬನ್ನೇ ತೆಗೆದಿರಬಹುದು. ಟಕಾಟಾ ಏರ್ ಬ್ಯಾಗ್ ದೋಷದಿಂದಾಗಿ ಹೋಂಡಾ ಸಿಟಿ, ಜಾಝ್, ಸಿವಿಕ್ ಮೊದಲಾದ ಹಳೆಯ ಕಾರುಗಳನ್ನು ಕಂಪನಿ ಹಿಂದಕ್ಕೆ ಕರೆದು ಉಚಿತವಾಗಿ ಬಿಡಿಭಾಗ ಬದಲಿಸಿತ್ತು. ಇಂಥ ಕರೆಗಳಿಗೆ ಕಾರು ಹೋಗಿ ಬಂದಿದೆಯೇ ಎಂಬುದನ್ನು ಚಾಸಿ ನಂಬರ್ ಕೊಟ್ಟು ಕಂಪನಿಯಲ್ಲಿ ತಿಳಿಯಬಹುದು. ಟೈರಿನ ಗೀರು 1.6 ಮಿ.ಮೀ.ಗಿಂತ ಕಡಿಮೆಯಿದ್ದರೆ, ಅಥವಾ ಟೈರ್ ಆರು ವರ್ಷ ದಾಟಿದ್ದರೆ ಹೊಸ ಟೈರಿನ ಖರ್ಚು ಸೇರಿಸಿಕೊಳ್ಳಬೇಕು.

ಮೆಕ್ಯಾನಿಕ್‌ನ ಕಣ್ಣು

ಮೇಲಿನ ಪರೀಕ್ಷೆಗಳನ್ನು ದಾಟಿದ ಕಾರನ್ನು ಮಾತ್ರ ಗ್ಯಾರೇಜಿಗೆ ಒಯ್ಯಬೇಕು. ಗ್ಯಾರೇಜನ್ನು ಕೊಳ್ಳುವವರು ಆರಿಸಬೇಕು, ಮಾರುವವರಾಗಲೀ ಬ್ರೋಕರ್ ಆಗಲೀ ಅಲ್ಲ. ಕಾರನ್ನು ಲಿಫ್ಟ್ ಮೇಲೆ ಏರಿಸಿ ಆಯಿಲ್ ಸೋರಿಕೆ, ತುಕ್ಕು, ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್‌ಗಳನ್ನು ನೋಡಿಸಬೇಕು, ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯಿಸಬೇಕು, ಸ್ಕ್ಯಾನರ್ ಹಾಕಿಸಬೇಕು. 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಒಬಿಡಿ-2 ವ್ಯವಸ್ಥೆ ಇರುತ್ತದೆ. ದೋಷದ ಕೋಡ್‌ಗಳನ್ನು ಮಾರುವ ಮುನ್ನ ಅಳಿಸಿಹಾಕಿದ್ದರೂ, ಕಾರಿನ ಸ್ವಯಂ ಪರೀಕ್ಷೆಗಳು ಇನ್ನೂ ಪೂರ್ಣಗೊಂಡಿಲ್ಲ ಎಂದು ಸ್ಕ್ಯಾನರ್ ತೋರಿಸುತ್ತದೆ. ಈ ತಪಾಸಣೆಗೆ ಒಪ್ಪದ ಮಾರಾಟಗಾರರ ಬಳಿ ಕೊಳ್ಳಬಾರದು.

ಬೆಲೆ ಮತ್ತು ಹೆಸರು ವರ್ಗಾವಣೆ

ಕೇಳಿದ ಬೆಲೆಗೆ ಟೈರ್, ಬ್ಯಾಟರಿ, ಕ್ಲಚ್, ಟೈಮಿಂಗ್ ಬೆಲ್ಟ್, ಬುಷ್‌ಗಳಂಥ ತಕ್ಷಣದ ಖರ್ಚು, ವಿಮೆ, ವರ್ಗಾವಣೆ ಮತ್ತು ನವೀಕರಣ ಶುಲ್ಕ ಎಲ್ಲವನ್ನೂ ಸೇರಿಸಿದಾಗ ಬರುವ ಮೊತ್ತವೇ ನಿಜವಾದ ಬೆಲೆ. ಎರಡು ಕಾರುಗಳನ್ನು ಹೋಲಿಸುವಾಗ ಆ ಮೊತ್ತವನ್ನೇ ಹೋಲಿಸಬೇಕು. ಇದರ ಮೇಲೆ ಮೊದಲ ವರ್ಷದ ಅನಿರೀಕ್ಷಿತ ರಿಪೇರಿಗೆಂದು ಕಾರಿನ ಬೆಲೆಯ ಹತ್ತನೇ ಒಂದು ಭಾಗದಷ್ಟಾದರೂ ಹಣ ಎತ್ತಿಟ್ಟುಕೊಳ್ಳುವುದು ಜಾಣತನ.

ವ್ಯಾಪಾರ ಕುದುರಿದ ಮೇಲೆ ನಮೂನೆ 29 ಮತ್ತು 30ಕ್ಕೆ ಇಬ್ಬರೂ ಸಹಿ ಹಾಕಿ ಆರ್‌ಟಿಒಗೆ ಸಲ್ಲಿಸಬೇಕು. ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ವರ್ಗಾವಣೆ ಮುಂದೂಡುವುದು ಮಾರಿದವರಿಗೂ ಅಪಾಯ. ಡೀಲರ್ ಮೂಲಕ ಕೊಳ್ಳುವುದಾದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅವರಿಗೆ ಸಾರಿಗೆ ಇಲಾಖೆಯ ಅಧಿಕೃತ ಪತ್ರ ಇರಬೇಕು. ಅದನ್ನು ಕೇಳಿ ನೋಡಬೇಕು.

ಹಳೆಯ ಕಾರು ಬಹುಪಾಲು ಮನೆಗಳಲ್ಲಿ ವರ್ಷಗಳ ಉಳಿತಾಯದ ಹಣದಿಂದ ಬರುತ್ತದೆ. ಮುಂಗಡ ಕೊಡಲು ಯಾರು ಎಷ್ಟೇ ಅವಸರಪಡಿಸಲಿ, ಬೆಳಗಿನ ತಣ್ಣನೆಯ ಸ್ಟಾರ್ಟ್, ಅರ್ಧ ಗಂಟೆಯ ಓಡಾಟ, ಸ್ವಂತ ಮೆಕ್ಯಾನಿಕ್‌ನ ತಪಾಸಣೆ, ದಾಖಲೆಗಳ ತಾಳೆ ಈ ನಾಲ್ಕೂ ಮುಗಿಯದೆ ಯಾರೂ ಹಣ ಕೊಡಬಾರದು.